ಒಬ್ಬರಿಗೆ ಮೀನು, ಒಬ್ಬರಿಗೆ ಕುರಿ

ಲಾನ್ಸೆಸ್ಟನ್‌ನಿಂದ ಹೋಬಾರ್ಟ್‌ವರೆಗೆ ಬಸ್ಸಿನಲ್ಲಿ ಎರಡೂವರೆ ಗಂಟೆ ಕ್ಲೈವ್ ನನ್ನ ಪಕ್ಕದಲ್ಲೇ ಕೂತಿದ್ದ. ಅಷ್ಟೂ ಹೊತ್ತಿನಲ್ಲಿ ಅವನು ಕೇಳಿದ್ದು ಒಂದೇ ಮಾತು.

“ಶುಕ್ರವಾರವೇ ಹೊರಡ್ತೀಯಾ?”

“ಇನ್ನೂ ಗಟ್ಟಿ ಮಾಡಿಲ್ಲ. ಮಧ್ಯಾಹ್ನ ಮಗಳಿಗೆ ಫೋನ್ ಮಾಡಿ ಹೇಳ್ಬೇಕು. ಅಡಿಲೇಡಲ್ಲಿ ಅವಳ ಪಕ್ಕದ ಮನೆ ಖಾಲಿ ಇದೆಯಂತೆ.”

“ಒಳ್ಳೇದೇ ಆಯ್ತು,” ಎಂದು ಕಿಟಕಿಯ ಕಡೆ ತಿರುಗಿಬಿಟ್ಟ.

ಒಳ್ಳೆಯದಂತೆ! ಹೋಗಬೇಡ ಎಂದು ಅವನು ಒಂದು ಸಲ ಅಂದಿದ್ದರೆ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನೇ ಬಾಯಿ ಬಿಡೋಣವೆಂದರೆ ಅರವತ್ತಮೂರರಲ್ಲೂ ಹಾಳು ನಾಚಿಕೆ. ಕ್ಲೈವ್ ನಲವತ್ತು ವರ್ಷ ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದವನು. ಅವನ ಬಾಯಿ ತೆರೆಸುವುದು ಮಾತ್ರ ಯಾರ ಕೈಯಲ್ಲೂ ಆಗಿರಲಿಲ್ಲ.

ನಮ್ಮದು ಬುಧವಾರದ ಜಲವರ್ಣ ಕ್ಲಾಸು. ಹದಿನಾರು ಜನ, ಎಲ್ಲರ ತಲೆಯೂ ಬೆಳ್ಳಗೆ. ವರ್ಷಕ್ಕೆರಡು ಸಲ ಎಲ್ಲಾದರೂ ಮ್ಯೂಸಿಯಂ ನೋಡಿ, ಅಲ್ಲೇ ಠೀವಿಯಿಂದ ಊಟ ಮಾಡಿ ಬರುತ್ತೇವೆ. ಗುಂಪಾಗಿ ಹೋದರೆ ಏನು ಬೇಕೆಂದು ಯಾರೂ ಕೇಳುವುದಿಲ್ಲ. ಒಬ್ಬರಿಗೆ ಮೀನು, ಪಕ್ಕದವರಿಗೆ ಕುರಿ, ಮತ್ತೆ ಮೀನು, ಮತ್ತೆ ಕುರಿ. ಬೇಡದ್ದು ಬಂದರೆ ಪಕ್ಕದವರೊಂದಿಗೆ ತಟ್ಟೆ ಬದಲಾಯಿಸಿಕೊಳ್ಳಬೇಕು. ನಾನು ಕುರಿಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆದವಳು, ಅದನ್ನು ತಿನ್ನುವುದಿಲ್ಲ. ಕ್ಲೈವ್‌ಗೆ ಮೀನಿನ ವಾಸನೆಯೇ ಆಗದು. ಮೂರು ವರ್ಷದಿಂದ ನಮ್ಮಿಬ್ಬರ ತಟ್ಟೆಗಳು ಅದಲುಬದಲಾಗುತ್ತಲೇ ಇದ್ದವು.

ಮ್ಯೂಸಿಯಂನಲ್ಲಿ, ಬರೀ ಮಂಜು ತುಂಬಿದ ಒಂದು ದೊಡ್ಡ ಚಿತ್ರದ ಮುಂದೆ ಗೆಳತಿ ಬೆರಿಲ್ ನನ್ನ ಸೊಂಟ ತಿವಿದಳು.

“ಗ್ಲೆನಿಸ್, ಪ್ರತಿ ಸಲ ನಿನ್ನ ಮುಂದೆ ಕುರಿನೇ ಯಾಕೆ ಬರುತ್ತೆ, ಯೋಚ್ನೆ ಮಾಡಿದ್ದೀಯಾ?”

“ನನ್ನ ಹಣೆಬರಹ.”

“ಹಣೆಬರಹ ಅಲ್ಲ ಮಾರಾಯ್ತಿ, ಕ್ಲೈವ್! ಎಲ್ರಿಗಿಂತ ಮೊದ್ಲು ಒಳಗೆ ಹೋಗಿ, ಯಾವ ಕಡೆಯಿಂದ ಬಡಿಸ್ತೀರಿ, ಮೊದ್ಲು ಯಾವ್ದು ಬರುತ್ತೆ ಅಂತ ಕೇಳ್ಕೋತಾನೆ. ಆಮೇಲೆ ಎಣಿಸಿ ನಿಂಗೆ ಕುರ್ಚಿ ಎಳ್ದುಕೊಡ್ತಾನೆ. ತಟ್ಟೆ ಬದಲಾಯಿಸೋ ನೆಪ ಇಲ್ದಿದ್ರೆ ಅವ್ನಿಗೆ ನಿನ್ನ ಹತ್ರ ಮಾತು ಶುರು ಮಾಡೋಕೇ ಬರಲ್ಲ.”

ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಕಾವಲುಗಾರನಿಗೂ ಕೇಳಿಸಿರಬೇಕು. ಪೆದ್ದಿ ನಾನು! ಮೂರು ವರ್ಷ ಮೀನನ್ನು ಮಾತ್ರ ನೋಡಿದ್ದೆ.

ಊಟದ ಮನೆ ನದಿಯ ಪಕ್ಕದಲ್ಲಿತ್ತು. ಕ್ಲೈವ್ ಎಂದಿನಂತೆ ಕುರ್ಚಿ ಎಳೆದುಕೊಟ್ಟ. ನಾನು ಅವನನ್ನೇ ನೋಡಿದೆ, ಅವನು ಕೂಡಲೇ ನ್ಯಾಪ್ಕಿನ್ ನೋಡಿಕೊಂಡ. ಕಿವಿ ಮಾತ್ರ ಕೆಂಪಾಯಿತು. ಅಷ್ಟರಲ್ಲಿ ತಟ್ಟೆಗಳು ಬಂದವು. ಬಡಿಸುವವಳು ಅದೇನೆಂದುಕೊಂಡಳೋ, ಅವನಿಗೆ ಹೇಳಿದ್ದ ಕಡೆಯನ್ನು ಬಿಟ್ಟು ಕಿಟಕಿಯ ಕಡೆಯಿಂದ ಶುರು ಮಾಡಿದಳು. ಅಂಗೈಯಗಲದ ಮೀನು, ಮೇಲೆ ಮೂರು ಬಟಾಣಿ, ನೇರವಾಗಿ ನನ್ನ ಮುಂದೆಯೇ ಬಂತು. ಕುರಿ ಅವನ ಮುಂದೆ.

ಬೇಕಾದದ್ದೇ ಬೇಕಾದವರಿಗೆ ಸಿಕ್ಕಿತ್ತು. ಬದಲಾಯಿಸಲು ಏನೂ ಉಳಿದಿರಲಿಲ್ಲ.

ಕ್ಲೈವ್ ಒಮ್ಮೆ ನನ್ನ ತಟ್ಟೆ, ಒಮ್ಮೆ ತನ್ನ ತಟ್ಟೆ ನೋಡಿದ. ಅವನ ಮುಖ ಬಾಡಿತು. ಈಗಲೂ ಸುಮ್ಮನಿದ್ದರೆ ಶುಕ್ರವಾರ ನಾನು ಅಡಿಲೇಡಿನಲ್ಲಿ, ಇವನು ಇಲ್ಲಿ. ನಾನು ನನ್ನ ಮೀನನ್ನು ಅವನ ಮುಂದೆ ಸರಿಸಿ, ಅವನ ಕುರಿಯನ್ನು ನನ್ನ ಕಡೆ ಎಳೆದುಕೊಂಡೆ.

“ಏಯ್, ಇದು ನಿಂಗಾಗಲ್ಲ!”

“ಮೀನು ನಿಂಗಾಗುತ್ತಾ?”

“ಇಲ್ಲ. ಮತ್ತೆ ಯಾಕೆ ಬದಲಾಯಿಸಿದೆ?”

“ಮೂರು ವರ್ಷದಿಂದ ನೀನು ಯಾಕೆ ಕುರ್ಚಿ ಎಣಿಸ್ತಿದ್ದೀಯೋ, ಅದಕ್ಕೇ.”

ಅವನು ಬೆರಿಲ್ ಕಡೆ ಕಣ್ಣು ಬಿಟ್ಟ. ಆಕೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದರಲ್ಲಿ ಮುಳುಗಿದವಳಂತೆ ನಟಿಸಿದಳು. ಫೋರ್ಕ್ ಹಿಡಿದ ಕ್ಲೈವ್‌ನ ಕೈ ಮೇಲೆ ನಾನು ನನ್ನ ಕೈ ಇಟ್ಟೆ.

“ಹೋಗ್ಬೇಡ, ಗ್ಲೆನಿಸ್,” ಎಂದ. “ನೀನಿಲ್ದೆ ಬುಧವಾರ ನಂಗೆ ಬೇಡ. ಬೇರೆ ದಿನಗಳೂ ಬೇಡ. ನೀನಂದ್ರೆ ನಂಗೆ ತುಂಬಾ ಇಷ್ಟ ಕಣೇ.”

ನನ್ನ ಕಣ್ಣು ತುಂಬಿತು. ಅಲ್ಲೇ ಕೂತು ಮಗಳಿಗೆ ಫೋನ್ ಮಾಡಿದೆ.

“ಆ ಮನೆ ಬೇರೆಯವರಿಗೆ ಕೊಡೋಕೆ ಹೇಳಮ್ಮ. ನಾನು ಬರಲ್ಲ.”

“ಯಾಕಮ್ಮಾ, ಏನಾಯ್ತು?”

ಪಕ್ಕದಲ್ಲಿ ಕ್ಲೈವ್ ಕಣ್ಣು ಮುಚ್ಚಿಕೊಂಡು ಮೀನು ನುಂಗುತ್ತಿದ್ದ.

“ಏನಿಲ್ಲ ಪುಟ್ಟಿ. ಇಲ್ಲೊಬ್ರು ಮಾತಾಡ್ಬಿಟ್ರು.”