ಡೋರ್ ಮೇಡಂ

"ಎಲ್ಲಾರೂ ಇಂದಕ್ಕೋಗಿ. ಕೈ ಅಡ್ಡ ಇಡ್ಬೇಡಿ," ಎಂದಳು ಮೇಘಶ್ರೀ.

ಸ್ಕೂಲ್ ಗೇಟಿನ ಮುಂದೆ ನಿಂತಿದ್ದ ವ್ಯಾನಿನಿಂದ ಮಕ್ಕಳು ಹಿಂದೆ ಸರಿದರು. ಮೇಘಶ್ರೀ ಬಾಗಿಲಿನ ಹಿಡಿಯನ್ನು ಮೇಲಕ್ಕೆತ್ತಿದಳು, ಸೊಂಟದಿಂದ ಒಂದು ಗುದ್ದು ಕೊಟ್ಟಳು, ಆಮೇಲೆ ಎಳೆದಳು. ಬಾಗಿಲು ಗರಗರ ಗೊಣಗುತ್ತಾ ಹಿಂದಕ್ಕೆ ಜರುಗಿತು.

ಐದನೇ ಕ್ಲಾಸಿನ ಈ ಪೈಲ್ವಾನ್ ಹುಡುಗಿಯನ್ನು ಬಿಟ್ಟರೆ ಆ ಬಾಗಿಲು ಇನ್ಯಾರ ಮಾತನ್ನೂ ಕೇಳುತ್ತಿರಲಿಲ್ಲ. ವ್ಯಾನ್ ಓಡಿಸುವ ದೇವರಾಜಣ್ಣನ ಮಾತನ್ನೂ ಕೇಳುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನು 'ಡೋರ್ ಮೇಡಂ' ಎನ್ನುತ್ತಿದ್ದರು. ಬಾಗಿಲ ಪಕ್ಕದ ಸೀಟೂ ಅವಳದೇ. ಆ ಹೆಸರೆಂದರೆ ಅವಳಿಗೆ ಹೋಳಿಗೆಗಿಂತ ಇಷ್ಟ.

ಆದರೆ ಇವತ್ತು ವ್ಯಾನು ಚನ್ನರಾಯಪಟ್ಟಣ ದಾಟುವ ಮೊದಲೇ ರುದ್ರಯ್ಯನ ಗ್ಯಾರೇಜಿನ ಮುಂದೆ ನಿಂತಿತು.

"ಡೋರ್ ರಿಪೇರಿ ಮಾಡ್ಸಾನ, ಎಲ್ಲಾ ಇಳೀರಿ," ಎಂದ ದೇವರಾಜಣ್ಣ.

ಮೇಘಶ್ರೀ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಯಾಕಣ್ಣ? ನಾನು ತೆಗೀತೀನಲ್ಲ."

"ನೀನು ಜ್ವರ ಅಂತ ಮಲಗಿದ್ದಾಗ ಮಕ್ಳುನ್ನೆಲ್ಲ ನನ್ ಸೀಟ್ ಮ್ಯಾಲೆ ದಾಟ್ಸಿ ಇಳಿಸ್ದೆ ಕಣವ್ವ. ಅಭಿಷೇಕ್ ಗೇರ್ ರಾಡಿಗೆ ಸಿಕ್ಕಾಕ್ಕೊಂಡು ಅತ್ಬುಟ್ಟ."

"ಚಡ್ಡಿ ಅರ್ದೋಯ್ತು," ಎಂದ ಯುಕೆಜಿಯ ಅಭಿಷೇಕ್, ಮೆಲ್ಲಗೆ.

ಎಲ್ಲರೂ ಗೊಳ್ಳೆಂದು ನಕ್ಕರು. ಮೇಘಶ್ರೀಗೆ ಮಾತ್ರ ನಗು ಬರಲಿಲ್ಲ.

ಮೆಕ್ಯಾನಿಕ್ ರುದ್ರಯ್ಯ ಬಗ್ಗಿ, ಬಾಗಿಲು ಜರುಗುವ ಪಟ್ಟಿಯನ್ನು ಕಂಬಿಯಿಂದ ಕೆರೆದ. ಕಡಲೆಕಾಯಿ ಸಿಪ್ಪೆ, ಗಟ್ಟಿಯಾದ ಮಣ್ಣು, ಮೋಟು ಪೆನ್ಸಿಲ್, ಯಾರದೋ ಹೇರ್‌ಕ್ಲಿಪ್ಪು ಹೊರಬಂದವು.

"ಇದೇನ್ರವ್ವ, ಒಳಗೆ ಅಂಗ್ಡೀನೇ ಇಟ್ಬುಟ್ಟಿದ್ದೀರಲ್ಲ," ಎಂದ. ಆಮೇಲೆ ಸವೆದ ಪುಟ್ಟ ಚಕ್ರ ಬಿಚ್ಚಿ, ಹೊಸದು ಹಾಕಿ, ಗ್ರೀಸ್ ಸವರಿದ. ಒಂದೇ ಬೆರಳಿನಿಂದ ತಳ್ಳಿದ. ಬಾಗಿಲು ಸುಯ್ಯನೆ ಬಂದು ಟಪ್ಪೆಂದು ಮುಚ್ಚಿಕೊಂಡಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಮೇಘಶ್ರೀ ಬ್ಯಾಗ್ ತಬ್ಬಿಕೊಂಡು ದೂರ ನಿಂತಳು. ಇನ್ನು ಯಾರು ಬೇಕಾದರೂ ತೆಗೆಯಬಹುದು. ಅವಳಿಗೆ ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಅಭಿಷೇಕ್ ಮುಂದೆ ನುಗ್ಗಿದ. "ಎಲ್ಲಾರೂ ಇಂದಕ್ಕೋಗಿ. ಕೈ ಅಡ್ಡ ಇಡ್ಬೇಡಿ," ಎಂದ.

ತುದಿಗಾಲಲ್ಲಿ ನಿಂತು ಹಿಡಿಯನ್ನು ಮೇಲಕ್ಕೆತ್ತಿದ. ಪುಟ್ಟ ಸೊಂಟದಿಂದ ಒಂದು ಗುದ್ದು ಕೊಟ್ಟ. ಆಮೇಲೆ ಎಳೆದ. ಬಾಗಿಲು ಜರ್‍ರನೆ ಜಾರಿತು.

"ಲೇ, ಈಗ ಗುದ್ದೋದು ಬ್ಯಾಡ ಕಣ್ಲಾ," ಎಂದು ದೇವರಾಜಣ್ಣ ನಕ್ಕ.

"ಅಕ್ಕ ಅಂಗೇ ಅಲ್ವಾ ತೆಗಿಯೋದು?" ಎಂದ ಅಭಿಷೇಕ್. ಬಾಗಿಲು ಹಿಡಿದುಕೊಂಡೇ ಕರೆದ, "ಅಕ್ಕಾ, ವ್ಯಾನ್ ಅತ್ತು. ನಾನ್ ಇಡ್ಕೊಂಡಿರ್ತೀನಿ."

ಮೇಘಶ್ರೀಗೆ ನಗು ತಡೆಯಲಾಗಲಿಲ್ಲ. ಹತ್ತಿದಳು. ಬಾಗಿಲ ಪಕ್ಕದ ಸೀಟನ್ನು ಕೈಯಿಂದ ಒರೆಸಿ, ಒಳಗೆ ಸರಿದು ಕೂತಳು.

"ಬಾರೋ, ಡೋರ್ ಸಾರ್," ಎಂದಳು.