ಪೊರೆ ಬಿಡದ ಕೆಂಪು ಹಾವು

ಬಹಳ ಬಹಳ ಹಿಂದೆ, ಬೆಟ್ಟಗಳು ಮೋಡಗಳ ಜೊತೆ ಇನ್ನೂ ಮಾತು ಬಿಟ್ಟಿರದ ಕಾಲದಲ್ಲಿ, ಹೊನ್ನೇರಿ ಎಂಬ ರಾಜ್ಯವಿತ್ತು. ಅಲ್ಲಿ ಮಗು ಹುಟ್ಟಿದ ದಿನವೇ ತೊಟ್ಟಿಲಿಗೊಂದು ಹಾವಿನ ಮರಿ ಬಿಡುತ್ತಿದ್ದರು. ಮರಿ ಕುಂಕುಮದಷ್ಟು ಕೆಂಪು. ಮಗು ಬೆಳೆದಂತೆ ಅದು ಪೊರೆ ಬಿಟ್ಟು ಹಳದಿಯಾಗುತ್ತಿತ್ತು, ಹರೆಯಕ್ಕೆ ಹಸಿರು, ಮುಪ್ಪಿಗೆ ಸಂಜೆಯ ನೀಲಿ. ಬಿಟ್ಟ ಪೊರೆಗಳನ್ನು ತಾಯಂದಿರು ಮಡಚಿ ಮರದ ಡಬ್ಬಿಯಲ್ಲಿ ಇಡುತ್ತಿದ್ದರು. ಆ ರಾಜ್ಯದಲ್ಲಿ ಯಾರ ವಯಸ್ಸನ್ನೂ ಯಾರೂ ಕೇಳಬೇಕಾಗಿರಲಿಲ್ಲ.

ರಾಣಿ ಪೊನ್ನಾಂಬೆಗೆ ಅವಳಿ ಮಕ್ಕಳು, ಸೋಮಲೆ ಮತ್ತು ವಿಜಯಾಂಕ. ಆರು ತುಂಬಿದಾಗ ವಿಜಯಾಂಕನ ಹಾವು ಮಂಕಾಯಿತು. ಅದರ ಕಣ್ಣು ಹಾಲಿನಂತೆ ಬೆಳ್ಳಗಾಯಿತು. ಪೊರೆ ಬಿಡುವ ಮುನ್ನ ಎಲ್ಲ ಹಾವೂ ಹಾಗೆಯೇ. ಆದರೆ ಹೆತ್ತ ಕರುಳು ಕೇಳಬೇಕಲ್ಲ! ರಾಣಿ ಗಾಬರಿಬಿದ್ದು ಕವಡೆಸಿದ್ಧನೆಂಬ ಮುದಿ ಮಾಯಾವಿಯನ್ನು ಕರೆಸಿದಳು.

"ಸ್ವಾಮಿ, ಈ ಕೆಂಪು ಹೋದರೆ ನನ್ನ ಕಂದನ ಮುದ್ದೂ ಹೋಗುತ್ತೆ. ಹೇಗಾದರೂ ಉಳಿಸಿಕೊಡಿ."

"ಅದೇನು ಮಹಾ, ತಾಯಿ!" ಎಂದು ಅವನು ಹಾವಿನ ಬಾಲಕ್ಕೆ ಕಣ್ಣಿಗೆ ಕಾಣದ ದಾರ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಬೆರಳಿಗೆ ಸುತ್ತಿಕೊಂಡು ಮಂಜಿನ ಬೆಟ್ಟಕ್ಕೆ ನಡೆದ. ಸೋಮಲೆಯ ಹಾವು ಅಂದು ಸೂರಿನಲ್ಲಿ ಅಡಗಿ ಬಚಾವಾಯಿತು.

ಹತ್ತು ವರ್ಷ ಕಳೆಯಿತು. ಸೋಮಲೆಗೆ ಹದಿನಾರಾಯಿತು. ವಿಜಯಾಂಕ ಆರರಲ್ಲೇ ನಿಂತ. "ಅಕ್ಕಾ, ನೀನ್ಯಾಕೆ ನನ್ನ ಬಿಟ್ಟು ಉದ್ದ ಆದೆ?" ಎಂದು ಕೇಳುತ್ತಿದ್ದ. ಅವಳು ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಅವಳ ಹಸಿರು ಹಾವು ಮಾತಾಡಿತು. "ನನ್ನ ತಮ್ಮನಿಗೆ, ಆ ಕೆಂಪು ಹಾವಿಗೆ, ಪೊರೆ ಬಿಗಿಯುತ್ತಿದೆ. ಅಮಾವಾಸ್ಯೆಯೊಳಗೆ ಸಿದ್ಧನ ದಾರ ಕಡಿಯದಿದ್ದರೆ ಅವನು ಸಾಯುತ್ತಾನೆ. ಅವನು ಸತ್ತರೆ ನಿನ್ನ ತಮ್ಮನೂ ಇಲ್ಲ. ಪೊರೆಯ ಡಬ್ಬಿ ತಗೊ, ನನ್ನನ್ನೂ ಹೆಗಲಿಗೆ ಹಾಕಿಕೊ, ನಡಿ."

ಬೆಟ್ಟದ ಬುಡದಲ್ಲಿ ಕಲ್ಲಿನ ಹುಲಿ ಬಾಯಿ ತೆರೆಯಿತು. "ಕೆಂಪು ಕೊಡು, ದಾರಿ ಬಿಡುತ್ತೇನೆ." ಸೋಮಲೆ ಕೆಂಪು ಪೊರೆ ಕೊಟ್ಟಳು. ಅದು ಮಂಜಿನಲ್ಲಿ ತೇಲುತ್ತ ಮೇಲಕ್ಕೆ ಹೋಯಿತು. ನಡುಬೆಟ್ಟದ ಕೊಳದಲ್ಲಿ ಎರಡು ತಲೆಯ ಕೊಕ್ಕರೆ ಎದ್ದು ನಿಂತಿತು. "ಹಳದಿ ಕೊಡು, ದಾರಿ ಬಿಡುತ್ತೇನೆ." ಹಳದಿಯೂ ತೇಲಿ ಹೋಯಿತು.

ತುದಿಯ ಗುಹೆಯಲ್ಲಿ ಕವಡೆಸಿದ್ಧ ಕೂತಿದ್ದ. ಮುದುಕನಲ್ಲ, ಇಪ್ಪತ್ತೈದರ ತರುಣ! ವಿಜಯಾಂಕನಿಂದ ದಾರದಲ್ಲಿ ಎಳೆದು ಕದ್ದ ಪ್ರಾಯ ಅವನಿಗೆ ಚೆನ್ನಾಗಿ ಒಗ್ಗಿತ್ತು. ಎರಡು ಪೊರೆಗಳೂ ಅವನ ತೊಡೆಯ ಮೇಲಿದ್ದವು.

"ಒಂದೊಂದು ಪೊರೆ ಹೊದ್ದರೆ ನನಗೆ ಹತ್ತು ಹತ್ತು ವರ್ಷ ಇಳಿಯುತ್ತೆ, ಹುಡುಗಿ. ಹಸಿರನ್ನೂ ಕೊಡು, ದಾರ ಬಿಡುತ್ತೇನೆ."

ಹಸಿರು ಪೊರೆ ಇನ್ನೂ ಹಾವಿನ ಮೈಮೇಲೇ ಇತ್ತು. ಅದನ್ನು ಕೊಟ್ಟರೆ ತನ್ನ ಹರೆಯವೇ ಹೋದಂತೆ. ಸೋಮಲೆಗೆ ಅಳು ಬಂತು, ಅತ್ತಳು. ಆಮೇಲೆ ಹಾವಿಗೆ "ಬಿಡು" ಎಂದಳು. ಹಾವು ಕಲ್ಲಿಗೆ ಮೈ ಉಜ್ಜಿ ಪೊರೆ ಬಿಟ್ಟಿತು, ನೀಲಿಯಾಗಿ ಹೊರಬಂತು. ಸೋಮಲೆಯ ಮುಂದಲೆಯ ಕೂದಲು ಬೆಳ್ಳಗಾಯಿತು.

"ದಾರದ ವಿಷಯ ನಾಳೆ ನೋಡೋಣ," ಎಂದು ಸಿದ್ಧ ನಕ್ಕ.

"ಆಗಲಿ ಸ್ವಾಮಿ," ಎಂದಳು ಸೋಮಲೆ. "ಚಳಿ ಜೋರಾಗಿದೆ. ಒಂದರಿಂದ ಏನಾಗುತ್ತೆ? ಮೂರನ್ನೂ ಒಟ್ಟಿಗೆ ಹೊದ್ದುಕೊಳ್ಳಿ."

ಮಾಯೆ ಕಲಿತವನು ಲೆಕ್ಕ ಕಲಿತಿರಲಿಲ್ಲ. ಆಸೆಬುರುಕ ಮೂರನ್ನೂ ಎಳೆದುಕೊಂಡ. ತರುಣ ಹುಡುಗನಾದ, ಹುಡುಗ ಕೂಸಾದ, ಕೂಸು ಹುಟ್ಟುವುದಕ್ಕೂ ಹಿಂದಕ್ಕೆ ಹೋಯಿತು. ಮೂರು ಪೊರೆಗಳು ಮಾತ್ರ ನೆಲದಲ್ಲಿ ಬಿದ್ದವು. ದಾರ ತಾನಾಗಿ ಕಡಿದುಹೋಯಿತು.

ಅರಮನೆಯಲ್ಲಿ ಕೆಂಪು ಹಾವು ಒಂದೇ ಬೆಳಗಿಗೆ ಹಳದಿಯಾಗಿ ಹಸಿರಾಯಿತು. ಮೀಸೆ ಚಿಗುರಿದ ಹುಡುಗನೊಬ್ಬ ಹರಿದ ಅಂಗಿಯಲ್ಲಿ ರಾಣಿಯ ಮುಂದೆ ನಿಂತು, "ಅಮ್ಮಾ, ಹೊಟ್ಟೆ ಹಸಿತಿದೆ," ಎಂದ. ಮಡಿಲಲ್ಲಿ ಕೂರಿಸಿಕೊಳ್ಳುವ ಮಗು ಇನ್ನಿಲ್ಲವೆಂದು ರಾಣಿ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಅವನಿಗೆ ಊಟ ಬಡಿಸಿದಳು.

ಮನೆಗೆ ಬಂದ ಸೋಮಲೆಯನ್ನು ವಿಜಯಾಂಕ ದಿಟ್ಟಿಸಿ ನೋಡಿದ. "ನಾವು ಅವಳಿ ತಾನೆ? ನಿನಗೊಬ್ಬಳಿಗೇ ಯಾಕೆ ನರೆ?"

"ನಿನಗಿಂತ ಒಂದು ಗಳಿಗೆ ಮೊದಲು ಹುಟ್ಟಿದವಳು ಕಣೋ," ಎಂದಳು ಸೋಮಲೆ.

ಆಮೇಲೆ ಹೊನ್ನೇರಿಯಲ್ಲಿ ಯಾವ ಹಾವಿನ ಬಣ್ಣವನ್ನೂ ಯಾರೂ ತಡೆಯಲಿಲ್ಲ. ಎಲ್ಲರೂ ಸುಖವಾಗಿ ಮುದುಕರಾದರು.