ಒಡೆಯೋಕೆ ಬರದವಳು

ಸುತ್ತಿಗೆ ಮೇಲೆದ್ದಿತ್ತು. ಕೆಳಗೆ ಬರುವಷ್ಟರಲ್ಲಿ ಎಲ್ಲಿಂದಲೋ ಒಂದು ಕೈ ಅಡ್ಡ ಬಂತು.

"ಅಯ್ಯೋ..." ಅಂದಿದ್ದು ಹೊಡೆದವಳು. ಏಟು ತಿಂದವನು ಹಲ್ಲು ಕಚ್ಚಿಕೊಂಡು, ಎಡಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಲ್ಲೇ ಕುಕ್ಕರಿಸಿದ. ಕವುಚಿ ಹಾಕಿದ್ದ ಟೀವಿಯ ಬೆನ್ನ ಮೇಲೆ ಹನಿ ಹನಿ ರಕ್ತ ಬಿತ್ತು.

"ತಲೆ ಕೆಟ್ಟಿದ್ಯೇನ್ರೀ? ಯಾರಾದ್ರೂ ಸುತ್ತಿಗೆ ಕೆಳಗೆ ಕೈ ಇಡ್ತಾರಾ?"

"ಯಾರಾದ್ರೂ ಹೊಸ ಟೀವಿ ಒಡೀತಾರಾ ಮೇಡಂ?"

"ಇದು ಹೊಸದಲ್ಲ. ಹಳೇ ಮಾಡೆಲ್ಲು."

"ಡಬ್ಬದಿಂದ ಈಗ ತಾನೇ ಆಚೆ ತೆಗೆದ್ರಿ. ಅಷ್ಟರಲ್ಲೇ ಹಳೇದಾಗೋಯ್ತಾ?"

ಅಣ್ಣನ ಟೀವಿ ಶೋರೂಮಿನ ಹಿತ್ತಲಲ್ಲಿ ಅವಳದು ಇದೇ ಕೆಲಸ. ಹೊಸ ಮಾಡೆಲ್ಲು ಬಂದ ಕೂಡಲೇ ಮಾರಾಟವಾಗದೆ ಉಳಿದ ಹಳೆಯವನ್ನು ಒಡೆಯಬೇಕು. ಒಡೆಯುವುದನ್ನು ವಿಡಿಯೋ ಮಾಡಿ ಕಂಪನಿಗೆ ಕಳಿಸಿದರೆ ಅದರ ಹಣ ವಾಪಸ್ ಬರುತ್ತದೆ. ಮುಂದೂ ಏಟು ಬೀಳಬೇಕು, ಹಿಂದೂ ಬೀಳಬೇಕು. ಶೋರೂಮಿನ ಹುಡುಗರು ಎದುರಿಗೆ ಅವಳನ್ನು "ಅಕ್ಕ" ಅನ್ನುತ್ತಿದ್ದರು. ಬೆನ್ನ ಹಿಂದೆ "ಸುತ್ತಿಗೆ ಬಂತು, ದಾರಿ ಬಿಡ್ರೋ" ಎಂದು ನಗುತ್ತಿದ್ದರು.

ಕೈ ಅಡ್ಡ ಇಟ್ಟವನು ರಸ್ತೆಯಾಚೆಯ ರಿಪೇರಿ ಅಂಗಡಿಯವನು. ಸದಾ ಬೆಸುಗೆ ಹಾಕುತ್ತ ಕೂರುವವನಾದ್ದರಿಂದ ಬೀದಿಗೆಲ್ಲ ಅವನ ಹೆಸರೇ ಬೆಸುಗೆ. ಒಡೆದ ಟೀವಿಗಳನ್ನು ಒಯ್ಯಲು ಬಂದ ಗುಜರಿ ಗಾಡಿಯ ಜೊತೆ ಒಳಗೆ ಬಂದಿದ್ದ.

"ಮುಂದುಗಡೆ ಎಷ್ಟು ಬೇಕಾದ್ರೂ ಚಚ್ಚಿ. ಬೆನ್ನ ನಡುವೆ ಒಂದು ಬೋರ್ಡಿದೆ, ಅದೊಂದು ಬಿಟ್ಬಿಡಿ. ಅದನ್ನ ಕಂಪನಿಯೋರು ಕಳಿಸೋದೇ ನಿಲ್ಸಿದ್ದಾರೆ. ಅದಿಲ್ದೆ ಜನರ ಮನೇಲಿ ಒಳ್ಳೊಳ್ಳೆ ಟೀವಿಗಳು ಸುಮ್ನೆ ಕೂತಿವೆ. ಪುಕ್ಕಟೆ ಬೇಡ, ಗುಜರಿಯವರಿಗೆ ದುಡ್ಡು ಕೊಟ್ಟೇ ತಗೋತೀನಿ."

"ಆಗಲ್ಲ. ಎದ್ದು ನಡೀರಿ. ಅಣ್ಣ ನೋಡಿದ್ರೆ ಟೀವಿ ಬೆನ್ನಲ್ಲ, ನಿಮ್ಮ ಬೆನ್ನು ಮುರೀತಾನೆ."

ಅವನು ಎದ್ದು ನಡೆದ. ಗೇಟಿನ ಹತ್ತಿರ ನಿಂತು ತಿರುಗಿದ. ಬೈಯುತ್ತಾನೆ ಎಂದುಕೊಂಡಳು.

"ಮೇಡಂ, ಸುತ್ತಿಗೆ ಹಿಡಿ ಸಡಿಲ ಇದೆ. ತಲೆ ಹಾರಿ ನಿಮ್ಮ ಮುಖಕ್ಕೇ ಬಿದ್ದೀತು. ಹುಷಾರು."

ಏಟು ತಿಂದವನು ಹೇಳೋ ಮಾತಾ ಇದು... ಆ ದಿನವೆಲ್ಲ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಅಣ್ಣನ ವಿಷಯ ಅವಳು ಸುಮ್ಮನೆ ಹೆದರಿಸಿದ್ದಲ್ಲ. ಅಪ್ಪ ಹೋದ ಮೇಲೆ ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನು, ಪ್ರೀತಿ ಬೆಟ್ಟದಷ್ಟು. ಆದರೆ ಸಿಟ್ಟು ಮೂಗಿನ ತುದಿಯಲ್ಲಿ, ಬುದ್ಧಿ ಮುಷ್ಟಿಯಲ್ಲಿ. ಹೊಸ ಟೀವಿಯ ಪಕ್ಕದಲ್ಲಿ ಹಳೆಯದನ್ನು ಮರೆತಿಟ್ಟ ತಪ್ಪಿಗೆ ಒಬ್ಬ ಸೇಲ್ಸ್‌ಮನ್ನಿನ ಹಲ್ಲು ಉದುರಿಸಿದ್ದ.

"ಅದೇ ಅಳತೆ, ಅದೇ ಚಿತ್ರ. ಹೋದ ಸಲದ್ದಕ್ಕಿಂತ ಇದಕ್ಯಾಕೆ ಇಷ್ಟು ರೇಟು ಜಾಸ್ತಿ?" ಎಂದು ಕೇಳದ ಗಿರಾಕಿ ಇರಲಿಲ್ಲ. ಗಾಜು ತೆಳು, ಒಳಗಿನ ಚಿಪ್ ಚುರುಕು, ಬಾಯಲ್ಲಿ ಹೇಳಿದರೆ ಚಾನೆಲ್ ಬದಲಾಗುತ್ತದೆ ಎಂದು ಅವಳು ಗಿಳಿಪಾಠ ಒಪ್ಪಿಸುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಅಣ್ಣನನ್ನೇ ಕೇಳಿದಳು.

"ನಾವು ಹೇಳೋದು ಸುಳ್ಳಲ್ಲ ಕಣೇ, ಹೊಸದನ್ನ ಮಾಡೋಕೆ ಖರ್ಚಾಗುತ್ತೆ. ಆದ್ರೆ ಈಗ ಟೀವಿ ತಗೊಂಡೋನು ವರ್ಷಗಟ್ಲೆ ಈ ಕಡೆ ತಲೆ ಹಾಕಲ್ಲ. ಮೊದಲು ಇಬ್ಬರ ಹತ್ರ ಬರ್ತಿದ್ದ ಲಾಭ ಈಗ ಒಬ್ಬನ ಹತ್ರಾನೇ ಬರಬೇಕು. ಪಕ್ಕದಲ್ಲಿ ಹಳೇದಿದ್ರೆ ಜನ ಎರಡನ್ನೂ ತೂಗಿ ನೋಡ್ತಾರೆ. ಇಲ್ಲ ಅಂದ್ರೆ ನಾವು ಹೇಳಿದ್ದೇ ಬೆಲೆ. ಅದಕ್ಕೇ ನಿನ್ನ ಕೈಗೆ ಸುತ್ತಿಗೆ ಕೊಟ್ಟಿರೋದು. ಅನ್ನ ತಿನ್ನು."

ಅವಳು ತಟ್ಟೆ ಸರಿಸಿ ಎದ್ದಳು.

ಬೆಸುಗೆ ಮತ್ತೆ ಗೇಟಿನ ಬಳಿ ಬಂದಾಗ ಅವನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಜೇಬಿನಿಂದ ಮರದ ಸಣ್ಣ ಬೆಣೆ ತೆಗೆದ.

"ಸುತ್ತಿಗೆ ಕೊಡಿ."

"ನಾನು ನಿಮ್ಮ ಬೆರಳು ಜಜ್ಜಿದೆ. ನೀವು ನನ್ನ ಸುತ್ತಿಗೆ ರಿಪೇರಿ ಮಾಡ್ತೀರಾ?"

"ಕೆಟ್ಟಿದ್ದು ಕಣ್ಣಿಗೆ ಬಿದ್ರೆ ಕೈ ತಡೆಯಲ್ಲ ಮೇಡಂ. ಕೆಟ್ಟ ಚಟ." ಹಿಡಿಯ ತುದಿಗೆ ಬೆಣೆ ಬಡಿದು, ಒಮ್ಮೆ ಬೀಸಿ ನೋಡಿ ಅವಳ ಕೈಗಿಟ್ಟ. "ಈಗ ಅಲುಗಾಡಲ್ಲ."

ಅಲುಗಾಡಿದ್ದು ಅವಳು. ಅಂದಿನಿಂದ ಅವಳ ಏಟು ಟೀವಿ ಬೆನ್ನಿನ ಮೂಲೆಗೇ ಬೀಳತೊಡಗಿತು. ಸದ್ದು ಜೋರು, ಪ್ಲಾಸ್ಟಿಕ್ಕು ಚೂರು ಚೂರು, ವಿಡಿಯೋದಲ್ಲಿ ನೋಡಿದವರಿಗೆ ಪ್ರಳಯ. ನಡುವಿನ ಬೋರ್ಡಿಗೆ ಮಾತ್ರ ಗೀರೂ ಬೀಳುತ್ತಿರಲಿಲ್ಲ.

ಈ ವಿಷಯ ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಆದರೆ ಪ್ರತಿ ಸಂಜೆ ಎದುರಿನ ಅಂಗಡಿಯಲ್ಲಿ ಸತ್ತುಹೋಗಿದ್ದ ಒಂದು ಟೀವಿ ಕಣ್ಣು ಬಿಡುತ್ತಿತ್ತು. ಬೆಸುಗೆ ಅದನ್ನು ರಸ್ತೆಯ ಕಡೆಗೆ, ಅವಳ ಕೌಂಟರಿನ ಕಡೆಗೇ ತಿರುಗಿಸಿಟ್ಟು, ಕಪ್ಪು ಉಗುರಿನ ಹೆಬ್ಬೆರಳನ್ನು ಎತ್ತಿ ತೋರಿಸುತ್ತಿದ್ದ. ಅವಳು ಗಿರಾಕಿಯ ಮುಂದೆ ನಗು ನುಂಗಿಕೊಳ್ಳುತ್ತಿದ್ದಳು.

ಇವನನ್ನ ನಾನು ಪ್ರೀತಿಸ್ತಿದ್ದೀನಾ? ಸುತ್ತಿಗೆ ಹಿಡಿದವಳನ್ನ ಇವನು ಪ್ರೀತಿಸ್ತಾನಾ?

ಹೀಗಿರುವಾಗ ಒಬ್ಬ ಗಿರಾಕಿ ಹೊಸ ಟೀವಿಯ ಬೆಲೆ ಕೇಳಿ, ಕೈ ಮುಗಿದು ಎದ್ದ. "ಎದುರುಗಡೆಯೋನು ಹಳೇದನ್ನೇ ಸರಿ ಮಾಡಿಕೊಡ್ತಾನಂತೆ. ಹಳೇ ಗಂಡನ ಪಾದವೇ ಗತಿ ಬಿಡಿ." ಅಣ್ಣನ ಮುಖ ಕೆಂಪೇರಿತು. ಚಪ್ಪಲಿ ಮೆಟ್ಟಿ ರಸ್ತೆ ದಾಟಿದ. ಕೌಂಟರ್ ಬಿಟ್ಟು ಅವಳು ಓಡಿಬರುವಷ್ಟರಲ್ಲಿ ಅವನು ಒಳಗೆ ಹೋಗಿಯಾಗಿತ್ತು. ಬಾಗಿಲ ಮರೆಯಲ್ಲಿ ಅವಳಿಗೆ ಕೇಳಿದ್ದು ಬೆಸುಗೆ ನಗುತ್ತ ಆಡಿದ ಮಾತು ಮಾತ್ರ.

"ಆ ಹುಡುಗೀನಾ ಸಾರ್? ಅವಳಿಗೆ ಒಡೆಯೋಕೂ ಬರಲ್ಲ. ಕೈಯಲ್ಲಿ ಬಲ ಇಲ್ಲ, ತಲೇಲಿ ಮೆದುಳಿಲ್ಲ. ಎಲ್ಲೋ ಹೊಡೀತಾಳೆ, ಏನೋ ಉಳಿಯುತ್ತೆ. ಅಂಥ ದಡ್ಡಿ ಜೊತೆ ನನಗೇನು ಕೆಲಸ?"

ಆ ಮಾತು ಹೇಳುವಾಗ ಅಣ್ಣನ ಕೈ ಅವನ ಗಂಟಲನ್ನು ಹಿಸುಕಿ ಹಿಡಿದಿತ್ತು. "ಬೋರ್ಡನ್ನ ನನ್ನ ತಂಗೀನೇ ಉಳಿಸಿ ಕೊಡ್ತಿದ್ದಾಳಾ?" ಎಂದು, ಮೇಜಿನ ಮೇಲೆ ತನ್ನ ಶೋರೂಮಿನ ಟೀವಿಯ ಬೋರ್ಡು ಕಂಡ ಅಣ್ಣ ಆಗಷ್ಟೇ ಕೇಳಿದ್ದ. ಅದು ಅವಳಿಗೆ ಕೇಳಿಸಲಿಲ್ಲ, ಇದು ಅವಳಿಗೆ ಕಾಣಿಸಲಿಲ್ಲ.

ಅವಳ ಮೈಯೆಲ್ಲ ಉರಿದುಹೋಯಿತು. ದಡ್ಡಿ... ಇವನಿಗೋಸ್ಕರ ಅಣ್ಣನ ಕಣ್ಣಿಗೆ ಮಣ್ಣೆರಚಿದೆನಲ್ಲ, ಹೌದು, ನಾನು ದಡ್ಡೀನೇ.

ಹಿತ್ತಲಿಗೆ ಬಂದವಳೇ ಸುತ್ತಿಗೆ ಎತ್ತಿದಳು. ಒಡೆಯೋಕೆ ಬರಲ್ವಾ ನನಗೆ? ನೋಡು. ಅಂದು ಉಳಿದಿದ್ದ ಟೀವಿಗಳ ಬೆನ್ನ ನಡುವೆಯೇ ಏಟು ಬಿತ್ತು. ಬೋರ್ಡುಗಳು ಹಪ್ಪಳದಂತೆ ಪುಡಿಯಾದವು. ಚೂರೊಂದು ಸಿಡಿದು ಕೆನ್ನೆ ಸೀಳಿತು. ರಕ್ತವನ್ನೂ ಕಣ್ಣೀರನ್ನೂ ಒಂದೇ ತೋಳಿನಲ್ಲಿ ಒರೆಸಿಕೊಂಡು, ಕೈ ಸೋಲುವವರೆಗೂ ಬಡಿದಳು. ಎಲ್ಲವೂ ವಿಡಿಯೋ ಆಯಿತು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ? ಮರುದಿನ ಬೆಳಿಗ್ಗೆ ಅಣ್ಣ ಫೋನು ಹಿಡಿದು ಹಿತ್ತಲಿಗೆ ಬಂದ. ದನಿ ತಣ್ಣಗಿತ್ತು. ಅವನ ದನಿ ತಣ್ಣಗಾದರೆ ಮನೆಮಂದಿಗೆಲ್ಲ ನಡುಕ.

"ಇದು ನಿನ್ನೆಯ ವಿಡಿಯೋ. ಒಂದೊಂದು ಏಟೂ ಸರಿಯಾಗಿ ನಡುವೆ ಬಿದ್ದಿದೆ." ಇನ್ನೊಂದನ್ನು ತೋರಿಸಿದ. "ಇದು ಹೋದ ವಾರದ್ದು. ಇದೂ ಮೂಲೆಗೆ, ಅದೂ ಮೂಲೆಗೆ. ನಿನಗೆ ಒಡೆಯೋಕೆ ಬರುತ್ತೆ ಕಣೇ, ಚೆನ್ನಾಗೇ ಬರುತ್ತೆ. ನೀನು ಬೇಕಂತ ಉಳಿಸ್ತಿದ್ದೀಯಾ ಅಂತ ಕತ್ತು ಹಿಸುಕಿ ಕೇಳಿದ್ರೂ, ಅವಳಿಗೆ ಒಡೆಯೋಕೂ ಬರಲ್ಲ ಅಂತ ಸುಳ್ಳು ಹೇಳಿದನಲ್ಲ ಅವನು."

ಅವಳು ಫೋನಿನಿಂದ ಕಣ್ಣೆತ್ತಿದಳು. ಕತ್ತು ಹಿಸುಕಿದಾಗಲೂ... ನನ್ನನ್ನ ಉಳಿಸೋಕೆ ದಡ್ಡಿ ಅಂದನಾ? ಅವನು ಮುಚ್ಚಿಟ್ಟದ್ದನ್ನ ನಾನೇ ಬಡಿದು ಬಯಲು ಮಾಡಿದೆನಾ?

"ಅಣ್ಣಾ, ತಪ್ಪೆಲ್ಲ ನಂದು..."

ಕೇಳಲು ಅವನು ಅಲ್ಲಿರಲಿಲ್ಲ. ಗೋಡೆಗೊರಗಿದ್ದ ಸುತ್ತಿಗೆಯೂ ಇರಲಿಲ್ಲ.

ಅವಳು ರಸ್ತೆ ದಾಟುವಾಗಲೇ ಗಾಜು ಒಡೆಯುವ ಸದ್ದು ಕೇಳಿತು. ಅಣ್ಣ ಮೊದಲು ಸಾಲಾಗಿ ಇಟ್ಟಿದ್ದ ಟೀವಿಗಳನ್ನು ಮುಗಿಸಿದ. ತಡೆಯಲು ಬಂದ ಬೆಸುಗೆಯ ಮುಖಕ್ಕೆ ಗುದ್ದಿದ, ಬಿದ್ದವನ ಪಕ್ಕೆಗೆ ಒದ್ದ, ಕೂದಲು ಹಿಡಿದು ಎಬ್ಬಿಸಿದ. ಬಾಯಲ್ಲಿ ರಕ್ತ ತುಂಬಿದ್ದರೂ ಅವನು ಒಂದೇ ಮಾತು ಹೇಳುತ್ತಿದ್ದ. "ಅವಳಿಗೆ ಏನೂ ಗೊತ್ತಿಲ್ಲ ಸಾರ್. ನಾನೇ ಕದ್ದೆ."

"ಯಾವ ಕೈಯಲ್ಲಿ ಬೆಸುಗೆ ಹಾಕ್ತೀಯೋ? ಇದಾ?" ಅಣ್ಣ ಅವನ ಬಲಗೈಯನ್ನು ತಿರುಚಿ ಮೇಜಿನ ಮೇಲೆ ಒತ್ತಿ ಹಿಡಿದ. ಆ ಕೈ ಹೋದರೆ ಅವನ ಕಸುಬು ಹೋದ ಹಾಗೆ, ಬದುಕು ಹೋದ ಹಾಗೆ.

ಸುತ್ತಿಗೆ ಮೇಲೆದ್ದಿತು.

ಅವಳು ಯೋಚಿಸಲಿಲ್ಲ. ಅವನ ಕೈಯ ಮೇಲೆ ತನ್ನ ಕೈ ಹರಡಿದಳು. ಅಣ್ಣ ಕಂಡ, ತೋಳು ಹೊರಳಿಸಿದ, ಆದರೆ ತಡವಾಗಿತ್ತು. ಸುತ್ತಿಗೆಯ ಅಂಚು ಅವಳ ಹೆಬ್ಬೆರಳಿಗೆ ತಗುಲಿ ಮೇಜನ್ನು ಸೀಳಿತು. ಬೆಣೆ ಹೊಡೆದ ಹಿಡಿ ಅಲುಗಾಡಲಿಲ್ಲ.

ಅವಳು ಹಲ್ಲು ಕಚ್ಚಿಕೊಂಡಳು. ಕಿರುಚಿದವನು ಅಣ್ಣ.

"ಹುಚ್ಚೀ... ಸುತ್ತಿಗೆ ಕೆಳಗೆ ಯಾಕೇ ಕೈ ಇಟ್ಟೆ?"

"ಇವನೂ ಇಟ್ಟಿದ್ದ ಅಣ್ಣ, ಒಂದು ಬೋರ್ಡಿಗೋಸ್ಕರ. ನಾನು ಇವನಿಗೋಸ್ಕರ ಇಟ್ಟೆ." ಉಸಿರು ಎಳೆದುಕೊಂಡಳು. "ಇವನು ಕದ್ದಿಲ್ಲ. ನಾನೇ ಉಳಿಸಿದ್ದು. ಇವನು ಅಂದ್ರೆ ನನಗೆ ಪ್ರಾಣ. ಇನ್ನೊಂದು ಏಟು ಹಾಕಬೇಕು ಅಂದ್ರೆ ಹಾಕು. ಆದ್ರೆ ನಾಳೆಯಿಂದ ನಿನಗೆ ತಂಗಿ ಇರಲ್ಲ."

ಅಣ್ಣನ ಕೈಯಿಂದ ಸುತ್ತಿಗೆ ಜಾರಿತು. ಅವಳ ಬೆರಳು ಮುಟ್ಟಲು ಬಂದ, ಧೈರ್ಯ ಸಾಲದೆ ನಿಂತ. ಚಿಕ್ಕವಳಿದ್ದಾಗ ಅದೇ ಬೆರಳು ಹಿಡಿದು ನಡೆಸಿದ್ದವನು. ಬಾಗಿಲವರೆಗೂ ಹೋಗಿ, ತಿರುಗಿ ನೋಡದೆ ಬೆಸುಗೆಗೆ ಹೇಳಿದ: "ಡಾಕ್ಟರ ಹತ್ರ ಕರ್ಕೊಂಡು ಹೋಗೋ. ನನ್ನ ಜೊತೆ ಅವಳು ಬರಲ್ಲ."

ಗಾಜಿನ ಚೂರುಗಳ ನಡುವೆ ಇಬ್ಬರೇ ಉಳಿದರು. ಬೆಸುಗೆ ತನ್ನ ಅಂಗಿಯ ತುದಿ ಹರಿದು ಅವಳ ಬೆರಳಿಗೆ ಸುತ್ತತೊಡಗಿದ. ಅವನ ಬಲಗೈಯ ಐದು ಬೆರಳೂ ನೆಟ್ಟಗಿದ್ದವು. ಅದನ್ನು ನೋಡಿ ಅವಳಿಗೆ ಅಳು ಉಕ್ಕಿ ಬಂತು.

"ನಿಮ್ಮ ಅಂಗಡಿ ಹಾಳು ಮಾಡಿದ್ದು ನಾನೇ. ನಿನ್ನೆ ನೀವು ದಡ್ಡಿ ಅಂದಿದ್ದು ಕೇಳಿಸ್ಕೊಂಡು..."

"ಗೊತ್ತಾಯ್ತು. ಸಂಜೆ ಗುಜರೀಲಿ ಬೋರ್ಡಿನ ಪುಡಿ ನೋಡಿದೆ. ಇಷ್ಟು ಸಿಟ್ಟು ಬರಬೇಕು ಅಂದ್ರೆ ನನ್ನ ಮೇಲೆ ಎಷ್ಟು ಆಸೆ ಇರಬೇಕು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ."

"ಅಷ್ಟೇನಾ?"

"ನನಗೂ ಅಷ್ಟೇ ಆಸೆ. ಮೊದಲ ಏಟಿನಿಂದಾನೇ. ಹೇಳೋಕೆ ಬಾಯಿ ಬರಲಿಲ್ಲ, ಟೀವಿ ತಿರುಗಿಸಿ ಇಡ್ತಿದ್ದೆ."

ಅವನ ಒಡೆದ ತುಟಿಯನ್ನು ಅವಳು ಸೆರಗಿನಿಂದ ಒರೆಸಿದಳು. ಎರಡು ಹೆಬ್ಬೆರಳು ಪಕ್ಕ ಪಕ್ಕ ಬಂದವು, ಒಂದು ಕಪ್ಪಾದದ್ದು, ಒಂದು ಕಪ್ಪಾಗಲಿರುವುದು.

"ನನ್ನ ಉಗುರೂ ಉದುರಿ ಹೋಗುತ್ತಾ?"

"ಹೋಗುತ್ತೆ. ಆಮೇಲೆ ಹೊಸದು ಬರುತ್ತೆ."

"ಹೊಸದಕ್ಕೆ ಬೆಲೆ ಜಾಸ್ತಿ ಅಂತಾರೆ."

"ಕೊಟ್ಟಾಯ್ತಲ್ಲೇ," ಅಂದ. ಅವಳನ್ನು ಅವನು ಮೇಡಂ ಅನ್ನದೆ ಮಾತಾಡಿದ್ದು ಅದೇ ಮೊದಲು.